ಮದುಮಗ ಎಡಕ್ಕೆ ಕೂಡುವನು

ಏನೂ ಓದದವನು ಕಾಗದ ಕಂಡರೆ ಹೆದರುತ್ತಾನೆ. ಪೂರ್ತಿ ಓದಿದವನು ಕಾಗದವನ್ನು ಓದುತ್ತಾನೆ. ಇವರಿಬ್ಬರಿಂದ ಜಗತ್ತಿಗೆ ಅಂಥ ತೊಂದರೆಯಿಲ್ಲ. ತೊಂದರೆಯೆಲ್ಲ ಬರುವುದು ನನ್ನಂತೆ ಮೂರನೆಯ ಇಯತ್ತೆಗೆ ನಿಂತವರಿಂದ. ನಮಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಧೈರ್ಯ ಮಾತ್ರ ವಕೀಲರಿಗಿಂತ ಒಂದು ಕೈ ಹೆಚ್ಚು. ನಾನು ಮೂರನೆಯದಕ್ಕೇ ನಿಂತೆ ಎಂಬುದು ನನ್ನ ಅಣ್ಣ ಗುರಪ್ಪನಿಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗುವ ಮೊದಲು ನಿಮ್ಮ ಮುಂದೆ ಒಪ್ಪಿಕೊಂಡುಬಿಟ್ಟರೆ ಎದೆ ಹಗುರಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡಾಗ ಅಣ್ಣ ಸಾಲೆ ಬಿಟ್ಟು ಬಾಗಲಕೋಟೆ ಸ್ಟೇಶನ್ನಿನಲ್ಲಿ ಚೀಲ ಹೊರತೊಡಗಿದ. "ಮನ್ಯಾಗ ಒಬ್ಬಾವರೆ ಶಾಣ್ಯಾ ಇರಬೇಕವ್ವಾ. ಸಂಗ್ಯಾ ಓದಲಿ," ಎಂದ. ಸಂಗ್ಯಾ ಎಂದರೆ ನಾನು. ನಾನೂ ಮೂರನೆಯದಾದ ಮೇಲೆ ಮತ್ತೆ ಮೂರು ವರ್ಷ ದಿನಾಲೂ ಪಾಟಿ ಹಿಡಿದು ಮನೆಯಿಂದ ಹೊರಟೆ. ಪಾಟಿಯನ್ನು ಒಂದು ಹುಣಸೆಮರದ ಪೊಟರೆಯಲ್ಲಿಟ್ಟು ಘಟಪ್ರಭೆಗೆ ಇಳಿದು, ಎಮ್ಮೆಗಳ ಸಂಗಡ ಸಂಜೆಯವರೆಗೆ ಈಸಿದೆ. ಆ ಎಮ್ಮೆಗಳ ಓದು ಮತ್ತು ನನ್ನ ಓದು ಅಲ್ಲಿಂದ ಸರಿಸಮ. ಮುಂದೆ ಜರ್ಮನ್ ಲಡಾಯಿ ಬಂತು. ಅಣ್ಣ ಪಲ್ಟನ್ನಿಗೆ ಸೇರಿ, ಬಸ್ರಾದಲ್ಲಿ ಲಾರಿ ನಡೆಸುವುದನ್ನು ಕಲಿತ. ಅಲ್ಲಿಂದ ಯಾರ್ಯಾರ ಕೈಯಲ್ಲೋ ಬರೆಸಿ ಕಳಿಸಿದ ಕಾಗದಗಳನ್ನು ನಾನು ಅವ್ವನಿಗೆ ಓದಿ ಹೇಳುತ್ತಿದ್ದೆ. ಅರ್ಧ ಅವನದು, ಅರ್ಧ ನನ್ನದು. ಒಮ್ಮೆ ಅವನು ಹದಿನೈದು ದಿನ ಜ್ವರದಿಂದ ಮಲಗಿದ್ದ ಸುದ್ದಿಯನ್ನು ನಾನು, ಸಾಹೇಬರು ಅವನನ್ನು ಮೆಚ್ಚಿ ರಜೆ ಕೊಟ್ಟಿದ್ದಾರೆಂದು ಓದಿದ್ದರಿಂದ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು.

ಲಡಾಯಿ ಮುಗಿದ ಮೇಲೆ ಸರಕಾರ ತನಗೆ ಬೇಡವಾದ ಲಾರಿಗಳನ್ನು ಪುಣೆಯಲ್ಲಿ ಲಿಲಾವು ಮಾಡಿತು. ಅಣ್ಣ ತನ್ನ ಅಷ್ಟೂ ವರ್ಷದ ಪಗಾರ ಸುರಿದು ಒಂದನ್ನು ತಂದ. ಹಸಿರು ಬಣ್ಣ, ಗಟ್ಟಿ ರಬ್ಬರಿನ ಗಾಲಿ, ಬಾಗಿಲ ಮೇಲೆ ಪಲ್ಟನ್ನಿನ ನಂಬರು. ಮುಂದೆ ಹ್ಯಾಂಡಲ್ ಹಾಕಿ ತಿರುವಿದರೆ ಮೊದಲು ತಿರುವಿದವನು ನಡುಗುತ್ತಿದ್ದ, ಆಮೇಲೆ ಲಾರಿ ನಡುಗುತ್ತಿತ್ತು. ಇದನ್ನು ಕಂಡು ಇಳಕಲ್ಲಿನ ನೂಲಿನ ವ್ಯಾಪಾರಿ ಮಹಾಲಿಂಗಪ್ಪನವರು ಎರಡು ಮಾತು ಕೊಟ್ಟರು. ಸ್ಟೇಶನ್ನಿಗೆ ಬರುವ ತಮ್ಮ ನೂಲಿನ ಗಂಟುಗಳೆಲ್ಲ ಇನ್ನು ಈ ಲಾರಿಯಲ್ಲೇ ಇಳಕಲ್ಲಿಗೆ ಬರಲಿ ಎಂಬುದು ಒಂದು. ಲಾರಿ ಒಂದು ವರ್ಷ ನೆಟ್ಟಗೆ ನಡೆದರೆ ತಮ್ಮ ಮಗಳನ್ನು ಗುರಪ್ಪನಿಗೆ ಕೊಡುವುದು ಇನ್ನೊಂದು. "ಲಾರಿ ಇದ್ರ ಅಳಿಯಾ. ಲಾರಿ ಹೋದ್ರ ಬರೇ ಡ್ರೈವರ. ನಾ ಡ್ರೈವರಗ ಮಗಳನ್ನ ಕೊಡಾಂವಲ್ಲ," ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಅಣ್ಣ ನಕ್ಕು ತಲೆಯಾಡಿಸಿದ. ಆ ಹುಡುಗಿಯನ್ನು ಅವನು ಒಂದೇ ಸಲ, ನೂಲು ಎಣಿಸಿ ಇಳಿಸಿಕೊಳ್ಳುವಾಗ ನೋಡಿದ್ದ. ಅಂದಿನಿಂದ ಅವನಿಗೆ ಇಳಕಲ್ಲಿನ ದಾರಿಯ ತಗ್ಗುಗಳು ಕಾಣುತ್ತಿರಲಿಲ್ಲ. ಹಿಂದೆ ಕೂತ ನನಗೆ ಕಾಣುತ್ತಿದ್ದವು.

ಇಷ್ಟರಲ್ಲಿ ಪೆಟ್ರೋಲಿನ ಮೇಲೆ ತೆರಿಗೆ ಬಂತು. ತೆರಿಗೆಯ ಹಿಂದೆ ಒಂದು ಕಾನೂನು ಬಂತು. ಪಲ್ಟನ್ನಿನಿಂದ ಬಿಟ್ಟ ಲಾರಿ ಯಾರಲ್ಲಿದ್ದರೂ ಅವರು ಪರವಾನಗಿ ತೆಗೆಯಬೇಕು. ಲಾರಿ ಏನು ಕೆಲಸ ಮಾಡುತ್ತದೆಂದು ಅದರಲ್ಲಿ ಬರೆಯಬೇಕು. ಆ ಕಾಗದ ತೋರಿಸಿದರಷ್ಟೇ ಪೆಟ್ರೋಲಿನ ಡಬ್ಬಿ. ಬರೆದ ಕೆಲಸಕ್ಕೇ ಪೆಟ್ರೋಲು ಸುಟ್ಟಿತೆಂದು ಪ್ರತಿ ಫೇರಿಗೂ ದಾರಿಯ ತಪಾಸಣೆ ನಾಕೆಯಲ್ಲಿ ಶಿಕ್ಕೆಯ ಮುದ್ರೆ ಹಾಕಿಸಬೇಕು. ಬೇರೆ ಕೆಲಸ ಮಾಡಿ ಸಿಕ್ಕುಬಿದ್ದರೆ ಲಾರಿ ಮರಳಿ ಸರಕಾರದ್ದು. ಲಾರಿ ಮನೆಗೆ ಬಂದಮೇಲೂ ಎಲ್ಲಿ ಗುಟ್ಟಾಗಿ ಲಡಾಯಿ ಮುಂದುವರಿಸುತ್ತದೋ ಎಂದು ಸರಕಾರಕ್ಕೆ ಸಂಶಯವಿದ್ದಿರಬೇಕು.

ಅಣ್ಣ ನನ್ನನ್ನು ಕಚೇರಿಗೆ ಕರೆದೊಯ್ದ. "ನಮ್ಮ ತಮ್ಮ ಬರೀತಾನ್ರೀ. ಓದಿದಾಂವ ಅದಾನ," ಎಂದು ಕಾರಕೂನ ರಾಯರಿಗೆ ಹೇಳಿ ಲಾರಿಗೆ ನೀರು ಹಾಕಲು ಹೊರಗೆ ಹೋದ. ನನ್ನ ಮುಂದೆ ಫಾರ್ಮು ಬಂತು. ಹೆಸರು, ಊರು ಬರೆದೆ. ಅದರ ಕೆಳಗೆ ಒಂದು ಉದ್ದನೆಯ ಪ್ರಶ್ನೆ, ಪ್ರಶ್ನೆಯ ಕೆಳಗೆ ಐದು ಖಾಲಿ ಗೆರೆ. ಪ್ರಶ್ನೆಯ ಒಂದೊಂದು ಶಬ್ದವೂ ಎತ್ತಿನ ಗಾಡಿಯಷ್ಟು ಉದ್ದವಿತ್ತು. ರಾಯರು ನಶ್ಯ ಏರಿಸುತ್ತ, "ತಿಳೀತಿಲ್ಲೋ?" ಎಂದು ಕೇಳಿದರು. ಮೂರು ಸಲ ಕೇಳಿದರು. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಅಣ್ಣ ಓದಿದವನೆಂದು ಹೇಳಿಹೋದ ಮಾತು ಇನ್ನೂ ಆ ಕೋಣೆಯಲ್ಲೇ ಕೂತಿತ್ತು. ಮೂರು ಸಲವೂ, "ತಿಳೀತ್ರಿ," ಎಂದೆ. ಲಾರಿ ಏನು ಮಾಡುತ್ತದೆಂದು ಕೇಳಿರಬೇಕು ಎಂದು ಊಹಿಸಿದೆ. ಊಹೆ ಸರಿಯಾಗಿತ್ತು. ಅದೇ ಕೇಡಾಯಿತು. ಮರುದಿನ ನಮ್ಮ ಓಣಿಯ ಒಂದು ದಿಬ್ಬಣವನ್ನು ಗುಡೂರಿಗೆ ಒಯ್ಯುವುದಿತ್ತು. ಸರಕಾರ ಕೇಳಿದಾಗ ಸುಳ್ಳು ಹೇಳಬಾರದಷ್ಟೆ? "ಈ ಲಾರಿಯು ಮದುವೆಯ ದಿಬ್ಬಣ ಒಯ್ಯುವುದು," ಎಂದು ಬರೆದೆ. ಇನ್ನೂ ನಾಲ್ಕು ಗೆರೆ ಉಳಿದವು. ನಾನು ಸಾಲೆಯಲ್ಲಿ ಕಲಿತ ಒಂದೇ ಪಾಠವೆಂದರೆ ಖಾಲಿ ಗೆರೆ ಬಿಟ್ಟರೆ ಮಾಸ್ತರರು ಹೊಡೆಯುತ್ತಾರೆ ಎಂಬುದು. ಆದ್ದರಿಂದ ತುಂಬಿದೆ: "ಮದುಮಗ ಎಡಕ್ಕೆ ಕೂಡುವನು. ಬಾಸಿಂಗ ಕಟ್ಟಿರುವನು. ಹಿಂದೆ ಒಬ್ಬನು ಹಲಗೆ ಬಾರಿಸುವನು. ಎಲ್ಲರೂ ಸಂತೋಷದಿಂದ ಇರುವರು." ರಾಯರು ಓದಿದರು. ನನ್ನ ಮುಖ ನೋಡಿದರು. ಇಷ್ಟು ಖಚಿತವಾಗಿ ಬರೆದವನು ತಿಳಿದೇ ಬರೆದಿರಬೇಕೆಂದು ಶಿಕ್ಕೆ ಒತ್ತಿದರು.

ಗುಡೂರಿನ ದಿಬ್ಬಣ ಸುಖವಾಗಿ ಹೋಗಿ ಬಂತು. ಮುಂದಿನ ವಾರ ನೂಲು ಹೇರಿಕೊಂಡು ಇಳಕಲ್ಲಿಗೆ ಹೊರಟೆವು. ಹುನಗುಂದದ ನಾಕೆ ಕಾಯುವ ಹುಸೇನಸಾಬರು ಕಾಗದವನ್ನು ಎರಡು ಸಲ ಓದಿ, ಲಾರಿಯ ಸುತ್ತ ಒಂದು ಸುತ್ತು ಹಾಕಿ ಬಂದರು.

"ಗುರಪ್ಪಾ, ಮದುಮಗ ಎಲ್ಲಿ?"

"ಯಾವ ಮದುಮಗ್ರಿ? ನೂಲು ಐತಿ."

"ನೂಲಿಗೆ ಲಗ್ನ ಏನು? ಇದು ದಿಬ್ಬಣದ ಲಾರಿ ಐತೋ ಮಾರಾಯಾ. ಬಾಸಿಂಗ ಇಲ್ಲ, ಹಲಗಿ ಇಲ್ಲ. ಸಂತೋಷ ಅಂತೂ ನಿನ್ನ ಮಾರಿ ಮ್ಯಾಲೆ ಹುಡುಕಿದ್ರೂ ಇಲ್ಲ. ನಾ ಶಿಕ್ಕಾ ಹ್ಯಾಂಗ ಹಾಕಲಿ?"

ಲಾರಿ ಬಂದ ದಾರಿಯಲ್ಲೇ ಬಾಗಲಕೋಟೆಗೆ ತಿರುಗಿತು. ಕಚೇರಿಯ ಮೆಟ್ಟಿಲ ಮೇಲೆ ಅಣ್ಣ, "ನೀ ಏನ ಬರದಿದ್ದೆಪಾ?" ಎಂದು ಮೆಲ್ಲಗೆ ಕೇಳಿದ. ಬೈದಿದ್ದರೆ ನಿಜ ಹೇಳಿಬಿಡುತ್ತಿದ್ದೆನೇನೋ. ಮೆಲ್ಲಗೆ ಕೇಳಿದ್ದರಿಂದ ಹೇಳಲಾಗಲಿಲ್ಲ. "ನಾ ಆ ಜಾಗಾ ಖಾಲಿ ಬಿಟ್ಟಿದ್ದೆ ಅಣ್ಣಾ. ಅವರ ತುಂಬ್ಯಾರ," ಎಂದೆ.

ಅಣ್ಣ ಒಳಗೆ ಹೋಗಿ ಮೇಜು ಗುದ್ದಿದ. ರಾಯರು ಶಾಂತವಾಗಿ, "ನಾ ಬರದಿಲ್ಲಪ್ಪಾ. ಅಕ್ಷರಾ ನೋಡು," ಎಂದು ಕಾಗದ ಮುಂದಿಟ್ಟರು. ಎಂದೋ ಸಾಲೆ ಬಿಟ್ಟ ಅಣ್ಣನಿಗೆ ಅಕ್ಷರ ಮರೆತುಹೋಗಿದ್ದವು. ಕಾಗದವನ್ನು ನನ್ನ ಕೈಗೆ ಕೊಟ್ಟು, "ನೋಡಿ ಹೇಳೋ," ಎಂದ. ನಾನು ನನ್ನವೇ ಅಕ್ಷರಗಳನ್ನು ಬಹಳ ಹೊತ್ತು ಪರೀಕ್ಷಿಸಿ, "ರಾಯರ ಅಕ್ಷರಾನ," ಎಂದೆ. ರಾಯರ ಕೈಯ ನಶ್ಯ ಕೈಯಲ್ಲೇ ಉಳಿಯಿತು. ಸುಳ್ಳಿಗಲ್ಲ, ಆ ಮನುಷ್ಯನಿಗೆ ನೋವಾದದ್ದು ಬೇರೆಯದಕ್ಕೆ. "ಇಷ್ಟು ಕೆಟ್ಟ ಅಕ್ಷರಾ ನನ್ನದು?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಬರೆದದ್ದನ್ನು ಬದಲಿಸಬೇಕಾದರೆ ವರ್ಷ ಮುಗಿದು ಹೊಸ ಫಾರ್ಮು ಬರಬೇಕೆಂದರು.

ಹೀಗೆ ನಾನು ಮದುಮಗನಾದೆ. ನೂಲು ನಡೆಯಲೇಬೇಕು. ಅದು ನಿಂತರೆ ಅಣ್ಣನ ಮದುವೆಯೂ ನಿಂತಂತೆ. ಬರೆದದ್ದೆಲ್ಲ ಲಾರಿಯಲ್ಲಿದ್ದರಾಯಿತು; ಜೊತೆಗೆ ನೂಲು ಇರಬಾರದೆಂದು ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಹಳದಿ ರುಮಾಲು, ಬಾಸಿಂಗ, ಕೆನ್ನೆಗೆ ಅರಿಸಿನ; ಅಣ್ಣನ ಎಡಕ್ಕೆ ನಾನು. ಹಿಂದೆ ನೂಲಿನ ಗಂಟುಗಳ ಮೇಲೆ ಹಲಗೆಯ ದುರಗಪ್ಪ ನಿದ್ದೆ ಮಾಡುತ್ತಿದ್ದ. ನಾಕೆ ಬಂದಾಗ ಅಣ್ಣ ಹಾರ್ನು ಹೊಡೆದರೆ ಎದ್ದು ಬಾರಿಸುತ್ತಿದ್ದ, ದಾಟಿದ ಕೂಡಲೇ ಬಡಿದ ಕೈ ಎತ್ತುವುದರೊಳಗೆ ಮಲಗುತ್ತಿದ್ದ. ಮದುಮಗನಾಗುವುದು ಅಷ್ಟು ಸುಲಭವೆಂದು ತಿಳಿಯಬೇಡಿ. ಒಂದು ಸಲವಾದರೆ ಯಾರಾದರೂ ಆಗಬಹುದು. ವಾರಕ್ಕೆರಡು ಸಲ, ವರ್ಷಪೂರ್ತಿ ಆಗಿ ನೋಡಬೇಕು. ಆಷಾಢದಲ್ಲಿ ಎಲ್ಲಿಯೂ ಲಗ್ನವಿರುವುದಿಲ್ಲ, ನಮ್ಮ ಲಾರಿಯಲ್ಲಿರುತ್ತಿತ್ತು. ದಾರಿಯ ಹಳ್ಳಿಯ ಹೆಣ್ಣುಮಕ್ಕಳು ಮೊದಮೊದಲು ಅಕ್ಕಿಕಾಳು ಎರಚಿದರು. ಆಮೇಲೆ, "ಇವಂಗ ಇನ್ನೂ ಯಾರೂ ಹೆಣ್ಣ ಕೊಟ್ಟಿಲ್ಲಬೇ," ಎಂದು ಮರುಗಿದರು. ಕೊನೆಕೊನೆಗೆ ಒಬ್ಬ ಮುದುಕಿ ಲಾರಿ ತಡೆದು ನನಗೆ ದೃಷ್ಟಿ ತೆಗೆದಳು. ಎಲ್ಲಕ್ಕಿಂತ ಕಷ್ಟದ್ದು ಸಂತೋಷ. ಹುಸೇನಸಾಬರು ಕಾಗದದ ಮನುಷ್ಯ. ಬಾಸಿಂಗ ನೋಡಿ, ಹಲಗೆ ಕೇಳಿ, ಕೊನೆಗೆ ನನ್ನ ಕಡೆ ತಿರುಗಿ, "ಹಾಂ, ಇನ್ನ ನಗು," ಎನ್ನುತ್ತಿದ್ದರು. ನಾನು ನಕ್ಕ ಮೇಲೆ ಶಿಕ್ಕೆ ಬೀಳುತ್ತಿತ್ತು.

ವರ್ಷ ಮುಗಿಯಲು ಹದಿನೈದು ದಿನವಿದ್ದಾಗ ನನಗೆ ಹಲ್ಲುನೋವು ಬಂತು. ಒಂದು ಕೆನ್ನೆ ಜೋಳದ ರೊಟ್ಟಿಯ ಹಿಟ್ಟಿನ ಮುದ್ದೆಯಂತೆ ಉಬ್ಬಿ ಬಾಸಿಂಗ ಡೊಂಕಾಗಿತ್ತು. ಹುಸೇನಸಾಬರು ಬಹಳ ಹೊತ್ತು ಕಾದರು. "ನಗೋ ತಮ್ಮಾ. ಒಂದೀಟು ನಕ್ಕಬಿಡು, ಹೋಗೀರಂತ."

"ಸಾಬರ, ಅವಗ ಹಲ್ಲು ಬ್ಯಾನಿರಿ," ಎಂದು ಅಣ್ಣ ಕೈಮುಗಿದ.

"ಖರೇ ಗುರಪ್ಪಾ. ಆದ್ರ 'ಹಲ್ಲು ಬ್ಯಾನಿ ಇದ್ದಾಗ ಬಿಟ್ಟು' ಅಂತ ಇದರಾಗ ಬರದಿಲ್ಲಲಾ. ನಾಳೆ ಸಾಹೇಬರು ಕೇಳಿದ್ರ ನಾ ಏನ ಹೇಳ್ಲಿ?"

ಆ ಹೊತ್ತಿಗೇ ನೂಲು ಯಾಕೆ ಬರಲಿಲ್ಲವೆಂದು ನೋಡಲು ಮಹಾಲಿಂಗಪ್ಪನವರ ಚಕ್ಕಡಿ ನಾಕೆಗೆ ಬಂದು ನಿಂತಿತು. ಅವರು ನನ್ನ ಬಾಸಿಂಗ ನೋಡಿದರು, ಕೆನ್ನೆ ನೋಡಿದರು, ಗಂಟುಗಳ ಮೇಲೆ ನಿದ್ದೆಗಣ್ಣಿನಲ್ಲಿ ಹಲಗೆ ಬಾರಿಸುತ್ತಿದ್ದ ದುರಗಪ್ಪನನ್ನು ನೋಡಿದರು. "ಗುರಪ್ಪಾ, ಜನಾ ಹೇಳೂದು ಕೇಳಿದ್ದೆ, ನಂಬಿದ್ದಿಲ್ಲ. ನಿಮ್ಮ ಮನ್ಯಾಗ ಲಗ್ನ ಅಂದ್ರ ಪೆಟ್ರೋಲ್ ತುಂಬಸೂ ಸಾಧನಾ ಏನು? ಇದಕ್ಕ ನಿನ್ನ ತಲಿ ಕಾರಣೋ, ಯಾರ ತಲಿ ಕಾರಣೋ, ಅದನ್ನಷ್ಟ ಹೇಳು. ಇಲ್ಲಾಂದ್ರ ಮಗಳ ಮಾತು ಇಲ್ಲಿಗೇ ಬಿಡು."

ಅಣ್ಣ ನನ್ನ ಕಡೆ ನೋಡಿದ. ಓದಿದವನು ಹೇಳಲಿ ಎಂಬಂತೆ ನೋಡಿದ. ನಾನು ಒಂದು ಮಾತು ಆಡಿದ್ದರೆ ಆಗುತ್ತಿತ್ತು. ನಾನು ಕೆನ್ನೆ ಹಿಡಿದುಕೊಂಡೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಹಲ್ಲು ಅಷ್ಟೇನೂ ನೋಯುತ್ತಿರಲಿಲ್ಲ. ಕೊನೆಗೆ ಅಣ್ಣನೇ, "ಸರಕಾರದವರು ತಪ್ಪು ಬರದಾರ್ರಿ. ನನ್ನ ತಮ್ಮ ಒಂದು ವರ್ಷ ನನ್ನ ಸಲುವಾಗಿ ಈ ವ್ಯಾಷಾ ಹಾಕ್ಯಾನ. ಅವಗ ಬೈಬ್ಯಾಡ್ರಿ, ಬೇಕಾದ್ರ ನನಗ ಹೆಣ್ಣು ಕೊಡಬ್ಯಾಡ್ರಿ," ಎಂದ. ಈ ಮಾತು ಕೇಳಿ ನನಗೆ ಅಳು ಬಂತು. ಹುಸೇನಸಾಬರು ಬಗ್ಗಿ ನೋಡಿ, "ಆನಂದಬಾಷ್ಪ. ನಡೀತದ," ಎಂದು ಶಿಕ್ಕೆ ಹಾಕಿದರು. ಮಹಾಲಿಂಗಪ್ಪನವರು ಮೀಸೆ ತಿರುವಿದರು. "ಹೊಸ ಕಾಗದಾ ಸರಿಯಾಗಿ ಬರಸ್ಕೊಂಡು ಬಾ. ಆಮ್ಯಾಲೆ ಮಾತಾಡೂನು," ಎಂದರು.

ಹೊಸ ಫಾರ್ಮು ಬಂದ ದಿನ ಅಣ್ಣ ನನ್ನ ಬೆನ್ನ ಹಿಂದೆಯೇ ನಿಂತ. "ಈ ಸಲ ಒಂದ ಗೆರಿನೂ ಖಾಲಿ ಬಿಡಬ್ಯಾಡ." ನಾನು ಬರೆದೆ: "ಸರಕು ಮಾತ್ರ. ಡ್ರೈವರನ ಹೊರತು ಮನುಷ್ಯರಿಲ್ಲ. ಮದುಮಗನಿಲ್ಲ. ಬಾಸಿಂಗ ಕಟ್ಟುವುದಿಲ್ಲ. ಯಾರೂ ನಗುವುದಿಲ್ಲ." ರಾಯರು ಓದಿ, ಬಾಯಿ ತೆರೆದು, ಅಣ್ಣನನ್ನು ನೋಡಿ, ಬಾಯಿ ಮುಚ್ಚಿ ಶಿಕ್ಕೆ ಒತ್ತಿದರು.

ಮೂರನೆಯ ವಾರ ಮಾತು ಕೂಡಿತು. ಇಳಕಲ್ಲಿನಲ್ಲಿ ಅಣ್ಣನ ಲಗ್ನ. ವರ್ಷವಿಡೀ ದಿಬ್ಬಣ ಹೊತ್ತ ಲಾರಿ ಈಗ ನಿಜವಾದ ದಿಬ್ಬಣ ಹೊರುವಂತಿರಲಿಲ್ಲ. ಅವ್ವ, ನಾನು, ನೆಂಟರು, ದುರಗಪ್ಪ ಎಲ್ಲರೂ ಹಿಂದಿನ ದಿನವೇ ಚಕ್ಕಡಿಯಲ್ಲಿ ಹೊರಟೆವು. ಮದುಮಗನೇ ಡ್ರೈವರನಾಗಿ, ಅಕ್ಕಿ ಬೆಲ್ಲದ ಚೀಲ ಹೇರಿಕೊಂಡು ಒಬ್ಬನೇ ಬಂದ. ನಾಕೆಯಲ್ಲಿ ಹುಸೇನಸಾಬರು ಅವನ ಬಾಸಿಂಗ ಬಿಚ್ಚಿಸಿ ಚೀಲಗಳ ನಡುವೆ ಇಡಿಸಿ, "ಸರಕು: ಬಾಸಿಂಗ ಒಂದು" ಎಂದು ಬರೆದುಕೊಂಡರಂತೆ. ಅಣ್ಣನಿಗೆ ನಗು ತಡೆಯಲಾಗಲಿಲ್ಲ. "ನಗಬ್ಯಾಡೋ ಗುರಪ್ಪಾ, ಈ ವರ್ಷ ನಗೂದು ಬಂದ್," ಎಂದು ಗದರಿಸಿ, ಲಾರಿ ದಾಟಿದ ಮೇಲೆ ಅವರೇ ಕಂಬ ಹಿಡಿದುಕೊಂಡು ನಕ್ಕರಂತೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಮಹಾಲಿಂಗಪ್ಪನವರು ತಮ್ಮ ಮಗಳಿಗೆ ಓದು ಕಲಿಸಿದ್ದಾರೆಂದು ಯಾರೂ ನನಗೆ ಹೇಳಿರಲಿಲ್ಲ. ಅಣ್ಣನ ಹೆಂಡತಿ, ನನ್ನ ವೈನಿ, ಮನೆಗೆ ಬಂದ ಎಂಟನೆಯ ದಿನ ಟ್ರಂಕಿನಲ್ಲಿ ಹಳೆಯ ಪರವಾನಗಿ ಸಿಕ್ಕಿತು. ಅವರು ಅದನ್ನು ಓದಿದರು. ನಾನು ಅವರಿಗೆಂದು ಬರೆದುಕೊಟ್ಟಿದ್ದ ಕಿರಾಣಿ ಸಾಮಾನಿನ ಚೀಟಿಯನ್ನು ಅದರ ಪಕ್ಕದಲ್ಲಿಟ್ಟು ಮತ್ತೆ ಓದಿದರು. ಅಣ್ಣನಿಗೆ ಏನೂ ಹೇಳಲಿಲ್ಲ. ಅಂದಿನಿಂದ ನೀರು ತುಂಬುವುದು, ಕಟ್ಟಿಗೆ ಒಡೆಯುವುದು ಯಾವುದಕ್ಕಾದರೂ ನಾನು ಮೈಗಳ್ಳತನ ಮಾಡಿದರೆ ವೈನಿ ಮೆಲ್ಲಗೆ, "ಮದುಮಗ ಎಡಕ್ಕೆ ಕೂಡುವನು," ಎನ್ನುತ್ತಾರೆ. ನಾನು ಕೊಡ ಎತ್ತಿಕೊಳ್ಳುತ್ತೇನೆ. ನನಗೆ ನಿಜವಾದ ಓದು ಕಲಿಸಿದವರೂ ಅವರೇ. ರಾಯರ ಮನೆಗೆ ಹೋಗಿ ಕಾಲು ಹಿಡಿ ಎಂದವರೂ ಅವರೇ. ಹೋಗಿದ್ದೆ. ರಾಯರು ಕ್ಷಮಿಸಿದರು, ಆದರೆ ಇಪ್ಪತ್ತು ಪುಟ ಕಾಪಿ ಬರೆಸಿದ ಮೇಲೆ. ಅಣ್ಣನಿಗೆ ಹೇಳುವುದೊಂದು ಉಳಿದಿದೆ. ಇದು ಅಚ್ಚಾದರೆ ಅವನಿಗೆ ಓದಿ ಹೇಳಬೇಕೋ ಬೇಡವೋ ಎಂಬುದು ವೈನಿಯ ಕೈಯಲ್ಲಿದೆ.

ಈಗ ಅಣ್ಣ ಬಾಗಿಲಲ್ಲಿ ನಿಂತು, "ಏನ ಬರ್ಯಾಕತ್ತೀ ಸಂಗ್ಯಾ?" ಎಂದು ಕೇಳಿದ. ಒಂದು ಅರ್ಜಿ ಎಂದೆ. "ಪೂರ್ತಿ ತುಂಬು ಮತ್ತ," ಎಂದ, "ಖಾಲಿ ಬಿಟ್ರ ಆ ರಾಯರಂಥಾವರು ಏನರೆ ತುಂಬಿಬಿಡ್ತಾರ." ಹಾಳೆಯ ಕೊನೆಗೆ ಒಂದು ಗೆರೆ ಉಳಿದಿತ್ತು. ಎಲ್ಲರೂ ಸಂತೋಷದಿಂದ ಇರುವರು ಎಂದು ಬರೆಯಲು ಕೈ ತಾನೇ ಹೋಯಿತು. ಅಡುಗೆಮನೆಯಲ್ಲಿ ವೈನಿ ಕೆಮ್ಮಿದರು.