ಭಾವನವರು ಬಂದರು, ನಾನು ಎದ್ದೆ

ಕುರ್ಚಿಯ ಸುಖ ಏನೆಂದು ಹುಟ್ಟಿದಾಗಿನಿಂದ ಕುಳಿತವರನ್ನು ಕೇಳಬೇಡಿ, ನನ್ನನ್ನು ಕೇಳಿ. ಅತ್ತೆಯ ಮುಂದೆ ನಿಂತೆ, ಮಾವನ ಮುಂದೆ ನಿಂತೆ, ಒಲೆಯ ಮುಂದೆ ಮಾತ್ರ ಕುಳಿತೆ. ಅದೂ ರೊಟ್ಟಿ ಬಡಿಯುವುದಕ್ಕೆ. ಕಡೆಗೆ ಗಂಡನೂ ಹೋಗಿ, ಮೊಣಕಾಲೂ ಹೋಗಿ, ಕುಷ್ಟಗಿಯಲ್ಲಿ ಸುಮಂಗಲಾ ನಡೆಸುವ ಈ ಮನೆಗೆ ಬಂದೆ. ಸುಮಂಗಲಾ ಮೊದಲು ನರ್ಸ್ ಆಗಿದ್ದವಳು. ಈಗ ತನ್ನ ಮನೆಯಲ್ಲೇ ನಮ್ಮಂಥ ಕೆಲವು ಮುದುಕ ಮುದುಕಿಯರನ್ನು ಇಟ್ಟುಕೊಂಡು ಸ್ನಾನ, ಗುಳಿಗೆ, ಊಟ ಎಲ್ಲ ನೋಡಿಕೊಳ್ಳುತ್ತಾಳೆ.

ಇಲ್ಲಿನ ಪಡಸಾಲೆಯಲ್ಲಿ, ಟೀವಿಯ ಎದುರು, ಕೈ ಊರಲು ತೋಳಿರುವ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಅದೇ ನನ್ನ ಸಿಂಹಾಸನ. ಕಾಲು ಚಾಚಿ, ಸೆರಗು ಹೆಗಲಿಗೆ ಇಳಿಬಿಟ್ಟು, ಧಾರಾವಾಹಿಯ ಸೊಸೆಯರಿಗೆಲ್ಲ ಬುದ್ಧಿ ಹೇಳುತ್ತ ರಾಜ್ಯಭಾರ ನಡೆಸಿದ್ದೆ. ಪಕ್ಕದಲ್ಲಿ ಮಂತ್ರಿಯಾಗಿ ಆನೆಗೊಂದಿಯ ಹೊಳಿಯಮ್ಮ. (ಮಂತ್ರಿ ಎಂದರೆ ನಾನು ಹೇಳಿದ್ದಕ್ಕೆಲ್ಲ ಅಡ್ಡ ಮಾತಾಡುವವಳು.)

ಹೀಗಿರುವಾಗ ಒಂದು ದಿನ ಈ ಮನೆಯಲ್ಲಿ ಇರಲೆಂದು ನನ್ನ ಭಾವನೇ ಬಂದುಬಿಟ್ಟರು. ನನ್ನ ಗಂಡನ ಅಣ್ಣ. ಹೆಸರು ಓಬಳೆಪ್ಪ. (ಬಾಯಿಂದ ಹೇಳುವ ಹಾಗಿಲ್ಲ. ಬರೆದರೆ ನಡೆಯುತ್ತದೆಂದು ಹೊಳಿಯಮ್ಮ ಅಪ್ಪಣೆ ಕೊಟ್ಟಿದ್ದಾಳೆ.) ಮನೆ ಪಾಲಾದ ಮೇಲೆ ಅವರು ಗಂಗಾವತಿಯ ಕಾಲುವೆ ಕಡೆ ಹೋಗಿದ್ದರು, ನೋಡಿ ಎಷ್ಟೋ ಕಾಲವಾಗಿತ್ತು. ಆದರೆ ಭಾವ ಭಾವನೇ. ಅವರ ಎದುರು ತಮ್ಮನ ಹೆಂಡತಿ ಕೂಡಬಾರದು, ತಲೆಯ ಮೇಲೆ ಸೆರಗಿರಬೇಕು, ನೇರ ಮಾತಾಡಬಾರದು. ಹಾಗೇ ಬೆಳೆದು ಬಂದವಳು ನಾನು.

ಅವರ ಕೋಲಿನ ಸದ್ದು ಕೇಳಿದರೆ ಸಾಕು, ಟೀವಿ ಆರಿಸುತ್ತಿದ್ದೆ, ಹೊಳಿಯಮ್ಮನ ತೊಡೆ ಚಿವುಟುತ್ತಿದ್ದೆ, ಸೆರಗು ಹೊದೆಯುತ್ತಿದ್ದೆ, ಮೊಣಕಾಲಿನ ಕೈಕಾಲು ಹಿಡಿದು ಬೇಡಿಕೊಂಡು ಮೇಲೇಳುತ್ತಿದ್ದೆ. ಭಾವನವರು ಮೂಲೆಯಲ್ಲಿ ಕುಳಿತಿರುವಷ್ಟು ಹೊತ್ತೂ ಗೋಡೆಗೆ ಆತು ಕಂಬದ ಹಾಗೆ ನಿಂತಿರುವುದು.

"ಅವರು ನಿನಗ ಭಾವ. ನೀ ನಿಂದ್ರು," ಎಂದು ಹೊಳಿಯಮ್ಮ ಜಗಳಕ್ಕೆ ಬಂದಳು. "ನನ್ನ ಬಾಯಿ ಯಾಕ ಮುಚ್ಚಸ್ತಿ?"

"ದೊಡ್ಡಾರ ಮುಂದ ಗದ್ದಲ ಮಾಡಬಾರದು."

"ಅವರಿಗಿಂತ ನಾನ ದೊಡ್ಡಾಕಿ ಇದ್ದರ?"

"ಹಂಗಾರ ನಿನ್ನ ವಯಸ್ಸು ಹೇಳು."

ಹೊಳಿಯಮ್ಮ ಅಲ್ಲಿಂದ ಮುಂದೆ ಬಾಯಿ ತೆರೆಯಲಿಲ್ಲ.

ಬರಬರುತ್ತ ಭಾವನವರು ಪಡಸಾಲೆಗೆ ಬರುವುದನ್ನೇ ಬಿಟ್ಟರು. ಊಟವೂ ಕೋಣೆಗೇ ಹೋಗತೊಡಗಿತು, ಅರ್ಧ ರೊಟ್ಟಿ ತಟ್ಟೆಯಲ್ಲೇ ತಿರುಗಿ ಬರುತ್ತಿತ್ತು. ತಮ್ಮನ ಹೆಂಡತಿ ಕುರ್ಚಿ ಏರಿದ್ದು ಕಂಡು ಸಿಟ್ಟಾಗಿದ್ದಾರೆ ಎಂದುಕೊಂಡೆ. ಸಿಟ್ಟಾಗಲಿ ಎಂದೂ ಅಂದುಕೊಂಡೆ. ಸಿಂಹಾಸನ ನನಗೆ ಮರಳಿತ್ತಲ್ಲ.

ಆ ಸಂತೋಷ ಒಂದು ಸಂಜೆಯ ಚಹಾದವರೆಗೆ ಬಾಳಿತು. ಸುಮಂಗಲಾ ಹೇಳಿದಳು, "ಅಜ್ಜಾರು ಇಲ್ಲಿ ಇರಂಗಿಲ್ಲ ಅಂತಾರ. ಸೋಮವಾರ ಬಂದು ಕರಕೊಂಡು ಹೋಗು ಅಂತ ಯಲಬುರ್ಗಾದಾಗಿನ ಮಗಳಿಗೆ ಫೋನ್ ಮಾಡ್ಯಾರ. ಆಕಿ ಹಗಲೆಲ್ಲ ನೌಕರಿಗೆ ಹೋಗ್ತಾಳ, ಮನ್ಯಾಗ ಇವರೊಬ್ಬರ. ಹಂಗ ಒಬ್ಬರ ಇದ್ದಾಗ ಬಚ್ಚಲದಾಗ ಬಿದ್ದು, ಆಕಿ ಬರೂತನಕ ಅಲ್ಲೇ ಬಿದ್ದಿದ್ರಂತ."

ಚಹಾದ ಲೋಟ ಕೆಳಗಿಟ್ಟೆ. ನನ್ನ ಗಂಡ ತೀರಿಕೊಂಡಾಗ ನಾನು ಅನ್ನ ಬಿಟ್ಟು ಕುಳಿತಿದ್ದೆ. ಭಾವನವರು ಅಡುಗೆಮನೆಯ ಹೊರಗೆ ನಿಂತು ಅಕ್ಕನಿಗೆ, ಎಂದರೆ ಅವರ ಹೆಂಡತಿಗೆ, "ಆಕಿ ಉಣ್ಣೂತನಕ ನಾನೂ ಉಣ್ಣಂಗಿಲ್ಲ ಅಂತ ಹೇಳು," ಎಂದಿದ್ದರು. ಹಸಿವು ತಡೆಯುವ ಜೀವ ಅದಲ್ಲವೆಂದು ಮನೆಗೆಲ್ಲ ಗೊತ್ತು. ಗಬಗಬ ಉಂಡಿದ್ದೆ. ಅಂಥವರು ಈಗ ಗೋಡೆ ನೋಡುತ್ತ ಒಬ್ಬರೇ ಉಣ್ಣುತ್ತಿದ್ದಾರೆ.

ಮರುದಿನ ಬೆಳಿಗ್ಗೆ, ನಮ್ಮನ್ನು ನೋಡಿಕೊಳ್ಳುವ ಗೀತಾಳನ್ನು ಕರೆದುಕೊಂಡು ಅವರ ಬಾಗಿಲಿಗೆ ಹೋದೆ.

"ಗೀತಾ, ಭಾವಾರು ಯಾಕ ಹೊಂಟಾರ, ಕೇಳು."

"ಅಜ್ಜಾರ, ಯಾಕ ಹೊಂಟೀರಂತ."

ಒಳಗಿಂದ ದನಿ ಬಂತು. "ಇಲ್ಲಿ ಮಂದಿಗೆ ನಾ ಬ್ಯಾಡಾಗೀನಿ ಅಂತ ಹೇಳು ಆಕಿಗೆ."

"ಆಯಿ, ಬ್ಯಾಡಾಗ್ಯಾರಂತ."

"ಕೇಳಿಸ್ತು ಬಿಡು. ಹಂಗಂತ ಯಾರು ಅಂದ್ರು, ಕೇಳು."

"ಯಾರೂ ಏನೂ ಅನ್ನಂಗಿಲ್ಲ, ಅದ ತ್ರಾಸು," ಎಂದರು ಭಾವನವರು, ಗೀತಾಳಿಗೆ ಕಾಯದೆ. "ಒಳಗ ನಗೂದು ಕೇಳಿ ಎದ್ದು ಬರ್ತೀನಿ. ನಾ ಬಾಗಲಕ್ಕ ಬಂದ್ರ ಟೀವಿ ಬಂದ್, ಮಾತು ಬಂದ್. ಕುಂತರ ಒಬ್ಬರೂ ಉಸುರು ಬಿಡಂಗಿಲ್ಲ. ನನ್ನ ಕಣ್ಣೋ, ಬರೇ ಮಬ್ಬು. ಮಂದಿ ಅದಾರೋ ಎದ್ದು ಹೋಗ್ಯಾರೋ ತಿಳಿಯಂಗಿಲ್ಲ."

ನಾನು ಗೀತಾಳ ಕಿವಿಗೆ ಬಾಗಿದೆ. "ಭಾವಾರಿಗೆ ಕಣ್ಣು ಕಾಣಂಗಿಲ್ಲೇನು? ಯಾಕ ಹೇಳಲಿಲ್ಲ?"

"ಈ ಮನ್ಯಾಗ ಯಾರಿಗೆ ಕಾಣ್ತಾವ ಆಯಿ, ಅದನ್ನ ಡಂಗುರ ಸಾರಾಕ?"

ಎದ್ದದ್ದು, ಸೆರಗು ಹೊದ್ದದ್ದು, ಮೊಣಕಾಲು ಸವೆಸಿದ್ದು ಒಂದೂ ಅವರಿಗೆ ಕಂಡಿಲ್ಲ. ನನ್ನ ಮರ್ಯಾದೆಯಲ್ಲಿ ಅವರಿಗೆ ಮುಟ್ಟಿದ್ದು ನಾನು ಆರಿಸಿದ ಟೀವಿಯೊಂದೇ.

ಅಷ್ಟರಲ್ಲಿ ಗೀತಾ, "ಹಾಲು ಉಕ್ಕತೈತಿ, ನೀವ ನೀವ ಮಾತಾಡಿಕೋರ್ರಿ," ಎಂದು ಅಡುಗೆಮನೆಗೆ ಓಡಿದಳು. ಸೇತುವೆ ಮುರಿಯಿತು. ಈ ದಡದಲ್ಲಿ ನಾನು, ಆ ದಡದಲ್ಲಿ ಭಾವ. ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದು, ಅವರು ಮೆಲ್ಲಗೆ ಕೇಳಿದರು.

"ಎಲ್ಲಾರೂ ಹೋದ್ರೇನು?"

ಬಾಗಿಲಲ್ಲೇ ಇದ್ದೆ. ಸುಮ್ಮನಿದ್ದರೆ ನಾನೂ ಹೋದ ಹಾಗೆಯೇ. ಒಳಗೆ ಹೋಗಿ, ಅಲ್ಲಿದ್ದ ಕುರ್ಚಿಯನ್ನು ಬೇಕೆಂದೇ ಕರಕರ ಎಳೆದು, ಅವರೆದುರು ಧೊಪ್ಪೆಂದು ಕುಳಿತೆ.

"ಇಲ್ಲೇ ಅದೀನ್ರಿ ಭಾವಾರ. ಪಾರಮ್ಮ. ಕುಂತೀನಿ."

ಅವರ ಮುಖ ನನ್ನ ಕಡೆ ತಿರುಗಿತು. "ಇಷ್ಟು ದಿನ ಎಲ್ಲಿದ್ದಿ?"

"ಪಡಸಾಲ್ಯಾಗ, ಗ್ವಾಡಿಗೆ ನಿಂತಿದ್ನಿರಿ. ನಿಮಗ ಮರ್ಯಾದಿ ಕೊಟ್ಕೋತ."

ಭಾವನವರು ನಗತೊಡಗಿದರು. ಕಟ್ಟಿಸಿಕೊಂಡ ಹಲ್ಲು ಜಾರಿ, ಅದನ್ನು ಅಂಗೈಯಲ್ಲಿ ಹಿಡಿದುಕೊಂಡೂ ನಕ್ಕರು. "ಹುಚ್ಚಿ," ಎಂದರು. ಅವರು ನನಗೆ ನೇರವಾಗಿ ಆಡಿದ ಮಾತುಗಳಲ್ಲಿ ಅದು ಎರಡನೆಯದು.

ಸೋಮವಾರ ಮಗಳು ಬಂದಳು, ಚಹಾ ಕುಡಿದು ಒಬ್ಬಳೇ ಯಲಬುರ್ಗಾದ ಬಸ್ಸು ಹತ್ತಿದಳು. ಈಗ ಭಾವನವರು ಬೆಳಗಿನಿಂದ ಪಡಸಾಲೆಯಲ್ಲೇ. ನನ್ನೊಡನೆ ಒಂದು ಜನ್ಮ ಆಡದೆ ಉಳಿಸಿಕೊಂಡ ಮಾತನ್ನೆಲ್ಲ ಈಗ ಆಡುತ್ತಿದ್ದಾರೆ. ಅವರ ಮಾತಿಗೆ ಅಡ್ಡಿಯೆಂದು ಟೀವಿ ಪೂರ್ತಿ ಬಂದ್. ನನ್ನ ಸೊಸೆಯರು ಏನಾದರೋ ತಿಳಿಯದು. ನಿನ್ನೆ ಜೋಡಿ ಎತ್ತು ಕೊಂಡ ಕಥೆ ಶುರುವಾಯಿತು. ತಡೆಯಲಾರದೆ ಕುರ್ಚಿಯ ತೋಳು ಹಿಡಿದೆ, ಅದು ಕಿರ್ರೆಂದಿತು.

"ಪಾರಮ್ಮ, ಏಳಬ್ಯಾಡ. ಇನ್ನ ಮ್ಯಾಲ ಆ ಮರ್ಯಾದಿ ಏನೂ ಬ್ಯಾಡ."

"ಮರ್ಯಾದಿ ಅಲ್ರಿ ಭಾವಾರ. ಬಚ್ಚಲಕ್ಕ ಹೊಂಟೀನಿ."

"ಹೋಗೀಯಂತ. ಎತ್ತು ಮನಿ ಮುಟ್ಟಲಿ ತಡಿ."

ಹೊಳಿಯಮ್ಮ ಸೆರಗು ಬಾಯಿಗಿಟ್ಟುಕೊಂಡು ಕುಲುಕುಲು ನಕ್ಕಳು. ಭಾವನವರ ಮಾತು ಮೀರುವ ಹಾಗಿಲ್ಲ. ಕುಳಿತೆ. ಎತ್ತುಗಳು ಇನ್ನೂ ಸಂತೆಯನ್ನೇ ದಾಟಿರಲಿಲ್ಲ.