ಮಾವನವರನ್ನು ಡಿಲೀಟ್ ಮಾಡಿದ್ದು

ನನ್ನ ಲೆಕ್ಕಪತ್ರದ ಆಫೀಸಿಗೆ ಡೇಟಾಬೇಸ್ ಸಾಫ್ಟ್‌ವೇರಿನ ಹೊಸ ವರ್ಷನ್ ಬಂದ ದಿನವೇ ಮನೆಯಲ್ಲಿ ನನ್ನ ಮರ್ಯಾದೆಗೆ ಶನಿ ವಕ್ಕರಿಸಿತು. ಕೋಲಾರಕ್ಕೆ ಹೋಗಿ ಅದರ ತರಗತಿಯಲ್ಲಿ ಕೂತು ಬಂದಿದ್ದೆ. ಕಲಿತ ವಿದ್ಯೆಯನ್ನು ಯಾರ ಮುಂದಾದರೂ ಹೇಳಬೇಕಲ್ಲ.

"ಹಳೇದಕ್ಕೇನಾಗಿತ್ತು?" ಎಂದಳು ನನ್ನ ಹೆಂಡತಿ ನಂದಿತಾ.

"ಹಳೇದ್ರಲ್ಲಿ ಹೆಸರುಗಳೆಲ್ಲ ಬಿಡಿಬಿಡಿ ಕಣೇ. ಇದ್ರಲ್ಲಿ ಯಜಮಾನನ ಕೆಳಗೆ ಮಕ್ಕಳು, ಅವರ ಕೆಳಗೆ ಮೊಮ್ಮಕ್ಕಳು, ಎಲ್ಲಾ ಅಂಟ್ಕೊಂಡಿರುತ್ತೆ."

"ನಮ್ಮ ಮನೇಲಿ ಅದು ಮೊದಲಿಂದ್ಲೂ ಹಾಗೇ ಇದೆ. ನಿಮಗೆ ಈಗ ಗೊತ್ತಾಯ್ತು."

ಮಗ ಭಾರ್ಗವನ ಮುಂಜಿ ಹತ್ತಿರವಿತ್ತು. ಆಹ್ವಾನ ಪತ್ರಿಕೆಗಳ ಮೇಲೆ ವಿಳಾಸವನ್ನಷ್ಟೇ ಅಲ್ಲ, ಅವರು ನಮಗೇನಾಗಬೇಕೆಂಬುದನ್ನೂ ಮುದ್ರಿಸಿ ನಮ್ಮೂರು ಮುಳಬಾಗಿಲನ್ನೇ ಬೆರಗುಗೊಳಿಸುವ ಘನಸಂಕಲ್ಪ ಮಾಡಿದೆ. (ಸಂಕಲ್ಪಕ್ಕೆ ನನ್ನಲ್ಲಿ ಎಂದೂ ಕೊರತೆಯಿಲ್ಲ.) ಬಂಧುಬಳಗವನ್ನೆಲ್ಲ ಹೊಸ ವರ್ಷನ್‌ನೊಳಗೆ ತುಂಬಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಕೋಲಾರದ ಸೀತಾರಾಮ ಮಾವ ಎರಡು ಕಡೆ ಇದ್ದರು. ಅವರು ನನ್ನಮ್ಮನ ತಮ್ಮ. ನಾನು ಮದುವೆಯಾದದ್ದು ಅವರ ಮಗಳನ್ನೇ. ಹಾಗಾಗಿ ನನ್ನ ಕಡೆಯಲ್ಲಿ ಸೋದರಮಾವ, ನಂದಿತಾಳ ಕಡೆಯಲ್ಲಿ ಹೆಣ್ಣು ಕೊಟ್ಟ ಮಾವ.

ಒಬ್ಬ ಮನುಷ್ಯನಿಗೆ ಎರಡು ಪತ್ರಿಕೆ ಯಾಕೆ? ಸೋದರಮಾವನನ್ನು ಉಳಿಸಿಕೊಂಡು, ಹೆಣ್ಣು ಕೊಟ್ಟ ಮಾವನನ್ನು ಅಳಿಸಿದೆ. ಕಂಪ್ಯೂಟರ್ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಕೇಳಿತು. ನಂದಿತಾ ಕೇಳಿದಾಗ ಹೇಳುವ ಹಾಗೇ, ಪೂರ್ತಿ ಓದದೆ ಹೂಂ ಅಂದುಬಿಟ್ಟೆ.

ಪತ್ರಿಕೆಗಳು ಅಂಚೆಗೆ ಹೋದವು. ವಾರ ಕಳೆಯುವಷ್ಟರಲ್ಲಿ ಮಾಲೂರಿನಿಂದ ನಂದಿತಾಳ ತಮ್ಮ ವಂಶಿಕೃಷ್ಣನ ಫೋನು. "ಅಕ್ಕಾ, ಮುಂಜಿಗೆ ನಾವು ಬೇಡ್ವಾ?" ಅದರ ಹಿಂದೆಯೇ ಶ್ರೀನಿವಾಸಪುರದಿಂದ ಅವಳ ತಂಗಿಯ ಫೋನು. ನಂದಿತಾ ಬಂದು ಕಂಪ್ಯೂಟರ್ ಮುಂದೆ ನಿಂತಳು.

"ನಮ್ಮ ಕಡೆಯೋರು ಎಲ್ಲಿ?"

ಮಾವನ ಜೊತೆಗೆ ಅವರ ಕೆಳಗಿದ್ದವರೆಲ್ಲ ಹೊರಟುಹೋಗಿದ್ದರು. ಅತ್ತೆ, ಭಾವಮೈದ, ನಾದಿನಿ, ನಂದಿತಾ, ಅವಳ ಕೆಳಗೆ ನಾನು, ನನ್ನ ಕೆಳಗೆ ಭಾರ್ಗವ. ಮುಂಜಿಯ ವಟುವೇ ನಾಪತ್ತೆ.

"ಸೋದರಮಾವ ವಂಶಿಕೃಷ್ಣನೇ ಇಲ್ಲದೆ ನನ್ನ ಮಗನ ಮುಂಜಿ ಹ್ಯಾಗ್ರೀ ಆಗುತ್ತೆ?" ಎಂದಾಗ ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಮರುದಿನ ಅವಳು ಕುಂಕುಮದ ಬಟ್ಟಲು ಹಿಡಿದು ಬಸ್ಸು ಹತ್ತಿ, ಮನೆಮನೆಗೂ ಹೋಗಿ ಕರೆದು ಬಂದಳು. ಕರೆಯುವಾಗ ನನ್ನ ವಿದ್ಯೆಯನ್ನೂ ವಿವರವಾಗಿ ವರ್ಣಿಸಿದ್ದಳು.

ಎಲ್ಲರೂ ಬಂದರು, ಮುಂಜಿ ಸಾಂಗವಾಗಿ ನಡೆಯಿತು. ನನಗೆ ಉಡುಗೊರೆ ಕೊಡುವ ಹೊತ್ತಿಗೆ ಸೀತಾರಾಮ ಮಾವ ಜೇಬಿನಿಂದ ನಾನು ಕಳಿಸಿದ್ದ ಲಕೋಟೆ ತೆಗೆದರು. ಇಷ್ಟು ವರ್ಷ ಅವರು ನನ್ನನ್ನು 'ಅಳಿಯಂದಿರೇ' ಎಂದೇ ಕರೆದವರು.

"ಏಮ್ರಾ, ಏನೋ ಇದು, ಇದರ ಮೇಲೆ ಬರೀ ಸೋದರಮಾವ ಅಂತಿದೆ. ಹಾಗಾದ್ರೆ ನೀನು ನಮ್ಮಕ್ಕನ ಮಗ ಅಷ್ಟೇ. ಈ ಜರಿ ಪಂಚೆ ಅಳಿಯಂದಿರಿಗೆ ತಂದಿದ್ದು." ಪಂಚೆಯನ್ನು ಚೀಲಕ್ಕೆ ಹಾಕಿಕೊಂಡರು. "ಪಂಕ್ತಿ ಕೂತಿದೆ, ಹೋಗಿ ಸಾರು ಬಡಿಸು."

ನಂದಿತಾಳ ಮುಖ ನೋಡಿದೆ. ಅವಳು ಸಾರಿನ ಬಕೆಟ್ಟು ಮುಂದಕ್ಕೆ ತಳ್ಳಿದಳು.

ಬಡಿಸುತ್ತಾ ಮಾವನವರ ಎಲೆಯ ಹತ್ತಿರ ಬಂದಾಗ, ಪಕ್ಕದಲ್ಲಿ ಕೂತಿದ್ದ, ನನ್ನ ಮುಖ ಕಂಡಿರದ ನಂಗಲಿಯ ನೆಂಟರು ಅವರನ್ನು ಕೇಳಿದರು, "ನಿಮ್ಮ ಅಳಿಯಂದಿರು ಕಾಣ್ತಾ ಇಲ್ವಲ್ಲ?"

"ಇದ್ರು," ಎಂದರು ಮಾವ, ನನ್ನ ಕಡೆ ದೊನ್ನೆ ಹಿಡಿದು. "ಹೊಸ ವರ್ಷನ್‌ನಲ್ಲಿ ಇಲ್ಲ."