ಅತ್ತೆಯ ಚಿಂದಿ ಗೋಡೆ

ನಮ್ಮ ಸೋದರತ್ತೆ ಬೀದಿಗಿಳಿದರೆ ಸಾಕು, ಪಿರಿಯಾಪಟ್ಟಣದ ನಮ್ಮ ಕೇರಿಯ ಹೆಂಗಸರು ಒಣಹಾಕಿದ ಬಟ್ಟೆ ಬಾಚಿಕೊಂಡು ಒಳಗೋಡುತ್ತಿದ್ದರು. ಕಳ್ಳಿಯೇ? ಛೆ! ಹರಿದ ಬಟ್ಟೆ ಕಂಡರೆ ಆಕೆಗೆ ಗೋಡೆ ಕಾಣಿಸುತ್ತಿತ್ತು, ಅಷ್ಟೇ!

ವೇಷವೋ, ಕೇಳಬೇಡಿ. ಸೀರೆಯ ಮೇಲೆ ತೀರಿಹೋದ ನಮ್ಮಪ್ಪನ ಕಪ್ಪು ಉಣ್ಣೆ ಕೋಟು. ಕಪ್ಪು ದಾರ ಸಿಗದೆ ಅಮ್ಮ ಹಿಂದೆಂದೋ ಅದರ ಒಂದು ಗುಂಡಿಯನ್ನು ಕೆಂಪು ದಾರದಲ್ಲಿ ಹೊಲಿದಿದ್ದಳು. ಬೇಸಿಗೆಯಲ್ಲೂ ಅತ್ತೆ ಅದನ್ನು ಬಿಚ್ಚಿದವಳಲ್ಲ.

ಹಿಂದಿನ ಮಳೆಗಾಲದಲ್ಲಿ ಅಮ್ಮ ಮಲಗುವ ಕೋಣೆಯ ಪಡುವಣ ಗೋಡೆ ಕುಸಿದಿತ್ತು. ಅಡ್ಡ ಕಟ್ಟಿದ ತಡಿಕೆಯ ಸಂದಿಯಿಂದ ಕೊಡಗಿನ ಕಡೆಯ ಗಾಳಿ ನುಗ್ಗಿ, ಅಮ್ಮನ ಉಬ್ಬಸ ಏರುತ್ತಲೇ ಇತ್ತು. ಇನ್ನೊಂದು ಮಳೆಗಾಲವನ್ನು ಆಕೆ ತಡೆಯಲಾರಳೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ. ನಮಗೆ ಸಿಕ್ಕಿದ್ದು ಒಂದೇ ಮೂಟೆ.

"ಚಿಂದಿ ಬಟ್ಟೇಲೇ ಹಲಗೆ ಮಾಡಿ ಮುಂಗಾರಿಗೆ ಮುಂಚೆ ಗೋಡೆ ಎಬ್ಬಿಸ್ತೀನಿ, ಸುಮ್ನಿರಿ ಅತ್ತಿಗೆ," ಎಂದಳು ಅತ್ತೆ.

"ಬಟ್ಟೆ ಗೋಡೆ ಅಂದ್ರೆ ಡೇರೆ ಕಣ್ರವ್ವ!" ಎಂದು ಗಾರೆ ಮೇಸ್ತ್ರಿ ನಕ್ಕ.

ಮೊದಲ ಹಲಗೆಗೆ ಅತ್ತೆ ಚಿಂದಿಯ ಜೊತೆ ಅನ್ನದ ಗಂಜಿ ಬೆರೆಸಿದಳು. ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಯ ಆಡು ಅರ್ಧ ಗೋಡೆ ತಿಂದು ಮುಗಿಸಿತ್ತು! ಎರಡನೆಯದಕ್ಕೆ ಸುಣ್ಣ, ಮರಳು, ಒಂದು ಹಿಡಿ ಸಿಮೆಂಟು. ಎಳೆ ಎಳೆ ಬಿಡಿಸಿದ ಬಟ್ಟೆಯನ್ನು ಅದರಲ್ಲಿ ಕುಟ್ಟಿ, ಮರದ ಚೌಕಟ್ಟಿಗೆ ಒತ್ತಿ, ಒದ್ದೆ ಗೋಣಿ ಹೊದಿಸಿ ಕಾದಳು. ಆಡು ಮೂಸಿ ನೋಡಿ ಮುಖ ತಿರುಗಿಸಿತು. ಗೆದ್ದೆವು!

ಊರಿನ ಟೈಲರ್ ಸಾಹೇಬರ ಚಿಂದಿಯೆಲ್ಲ ಮುಗಿಯಿತು, ನನ್ನ ಹಳೇ ಲಂಗವೂ ಹೋಯಿತು. ಅತ್ತೆ ಹುಣಸೂರಿಗೇ ಹೋಗಿ ಚಿಂದಿಯ ಮೂಟೆ ಹೊತ್ತು ಬಸ್ಸು ಹತ್ತಿದಳು.

"ಏನಮ್ಮ ಮೂಟೇಲಿ?" ಕಂಡಕ್ಟರ್ ಕೇಳಿದ.

"ಗೋಡೆ ಕಣಪ್ಪ."

"ಅಂಗಾರೆ ಕಿಟಕಿ ಪಕ್ಕ ಮಡಗಿ!"

ಇಡೀ ಬಸ್ಸು ನಕ್ಕಿತಂತೆ. ಅತ್ತೆ ನಿಜಕ್ಕೂ ಕಿಟಕಿ ಪಕ್ಕವೇ ಇಟ್ಟಳು.

ಮಳೆ ಬೀಳುವ ಹಿಂದಿನ ದಿನ ಕೊನೆಯ ಹಲಗೆ ಕೂತಿತು. ಆಮೇಲೆ ಸುರಿಯಿತು ನೋಡಿ, ಬಿಡದೆ ಮೂರು ದಿನ! ನಾಲ್ಕನೆಯ ದಿನ ಮೇಸ್ತ್ರಿ ಬಂದ. ಗೋಡೆಯನ್ನು ತಟ್ಟಿದ, ಗುದ್ದಿದ, ಕೊನೆಗೆ ಜಾಡಿಸಿ ಒದ್ದ. ಗೋಡೆ ನಿಂತೇ ಇತ್ತು. ಮೇಸ್ತ್ರಿ ಕಾಲು ಹಿಡಿದುಕೊಂಡು ಕೂತ!

"ನಿಮ್ ಡೇರೆ ಎಂಗೈತೆ ಮೇಸ್ತ್ರಿ?" ಎಂದಳು ಅತ್ತೆ. ಕೇರಿಯವರೆಲ್ಲ ಬಂದು ತಂತಮ್ಮ ರವಿಕೆ, ಅಂಗಿಗಳ ಬಣ್ಣದ ಎಳೆಗಳನ್ನು ಗೋಡೆಯಲ್ಲಿ ಗುರುತಿಸಿ ಹಿಗ್ಗಿದರು. ನನ್ನ ಲಂಗದ ಹಸಿರೂ ಸಿಕ್ಕಿತು. ಅಮ್ಮ ಸಲೀಸಾಗಿ ಉಸಿರಾಡುತ್ತಿದ್ದಳು. ನನಗಂತೂ ಕುಣಿಯುವಷ್ಟು ಖುಷಿ!

ದಿಂಬಿನ ಪಕ್ಕದ ಹಲಗೆಯನ್ನು ಸವರುತ್ತಿದ್ದ ಅಮ್ಮನ ಬೆರಳು ಒಂದು ಕಡೆ ತಡೆದು ನಿಂತಿತು. ಕಪ್ಪು ಗುಂಡಿ. ಅದರ ನಡುವೆ ಕೆಂಪು ದಾರ.

ಆಗ ನೋಡಿದೆವು, ಬರೀ ಸೀರೆಯಲ್ಲಿ ನಡುಗುತ್ತಾ ನಿಂತಿದ್ದ ಅತ್ತೆಯನ್ನು.

"ಕೊನೇ ಹಲಗೆಗೆ ಬಟ್ಟೆ ಸಾಲ್ದೆ ಬಂತು ಅತ್ತಿಗೆ," ಎಂದಳು ಅತ್ತೆ ತಲೆ ತಗ್ಗಿಸಿ. "ಅಣ್ಣ ಇದ್ದಿದ್ರೂ ನಿಮಗೆ ಗಾಳಿ ತಾಕದಂಗೆ ಅಲ್ಲೇ ಅಡ್ಡ ನಿಂತ್ಕತಿದ್ದ, ಅಲ್ವಾ?"

ಅಮ್ಮ ಎದ್ದು, ತಾನು ಹೊದ್ದಿದ್ದ ಶಾಲನ್ನು ಅತ್ತೆಯ ಹೆಗಲಿಗೆ ಸುತ್ತಿ, ಕಣ್ಣೊರೆಸಿಕೊಂಡು ಗದರಿದಳು:

"ಇದನ್ನೂ ಕುಟ್ಟಿ ಗೋಡೆ ಮಾಡೀಯೆ, ಜೋಕೆ!"